ಯಮನೂರಿ ರಸ್ತೆ ದಾಟಿದ್ದು

ಆರು ಮನಿ, ಒಂದು ಬೇವಿನ ಗಿಡ, ನಡುವ ಉದ್ದಾನುದ್ದ ಡಾಂಬರ ರಸ್ತೆ. ಅಷ್ಟಾ ನೋಡ್ರಿ ಊರು! ಅಲ್ಲಿ ನೀಲವ್ವನ ಮಗ ಯಮನೂರಿ. ಮೀಸಿ ಬಂದಿತ್ತು, ಬುದ್ಧಿ ಇನ್ನೂ ಬರಬೇಕಿತ್ತು.

ನೀಲವ್ವನ ಮಗಳು ರೇಣವ್ವ ಪ್ಯಾಟ್ಯಾಗ ಗಂಡನ ಮನ್ಯಾಗ ಎರಡನೇದು ಹಡೆದಿದ್ಳು. ಕೂಸಿನ ಮಾರಿ ನೋಡಾಕ ನೀಲವ್ವನ ಜೀವ ತುಡೀತಿತ್ತು. ಆದ್ರ ಪ್ಯಾಟಿ ರಸ್ತಿ ಅಂದ್ರ ಎದಿ ಢವಢವ! ಬಾಣಂತಿ ತಿನ್ನೂ ಅಂಟಿನುಂಡಿ ಗಂಟು ಕಟ್ಟಿ, ಮಗಳಿಗೆ ಮುಟ್ಟಿಸಿ ಬಾ ಅಂತ ಮಗನ ಕೈಗೆ ಕೊಟ್ಳು.

"ನಡುವ ನಡೀಬ್ಯಾಡೋ. ರಸ್ತಿ ಅಂಚು ಬಿಡಬ್ಯಾಡ!"

"ಬಿಡೂದಿಲ್ಲವ್ವ!"

ಪ್ಯಾಟ್ಯಾಗ ಅಂಚಿನ ತುಂಬ ಕಾಯಿಪಲ್ಲೆ ಬುಟ್ಟಿ. ಅಂಚು ಬಿಟ್ನೇನು? ಬದನಿಕಾಯಿ ತುಳಿದ, ಟೊಮ್ಯಾಟಿ ತುಳಿದ. ಹೆಣ್ಮಕ್ಕಳು ಬೆನ್ನತ್ತಿದ್ರು. ಉಂಡಿ ಚೆಲ್ಲಿ ಮನಿಗೆ ಓಡಿ ಬಂದ.

"ಅಯ್ಯ ನನ್ನ ಹಣೇಬರಹ! ನಾಕು ಮಂದಿ ದಾಟುವಾಗ ಅವರ ಕೂಡ ದಾಟಬೇಕೋ!"

"ಹಂಗಾ ಮಾಡ್ತೀನವ್ವ!"

ಹೋಗೂ ಬಸ್, ಬರೂ ಬಸ್ ಎರಡೂ ನಿಲ್ಲೂದು ರಸ್ತಿ ಆ ಕಡೆ, ಬೇವಿನ ಗಿಡದ ಕೆಳಗ. ಮರುದಿನ ಯಮನೂರಿ ಈ ಕಡೆ ಮನಿ ಮುಂದ ನಿಂತ. ಬಸ್ ಬಂತು, ಹೋತು. ಸಂಜೀತನಕ ದಾಟಿದ್ದು ಒಬ್ಬಾಕಿ ಮುದುಕಿ, ಎರಡು ಆಡು.

"ಇನ್ನೂ ಮೂರು ಮಂದಿ ಬೇಕವ್ವ!"

"ಈ ಊರಾಗ ಎಲ್ಲಿಂದ ತರಲೋ ನಾಕು ಮಂದೀನ! ಕೈ ಮಾಡು, ಗಾಡಿ ನಿಲ್ತಾವ, ಆಮ್ಯಾಲ ದಾಟು!"

ಮೂರನೇ ದಿನ ಪ್ಯಾಟಿ ಬಸ್ಸಿಗೇ ಕೈ ಮಾಡಿದ. ಬಸ್ ನಿಂತಿತು. ಇವ ಅದರ ಮುಂದ ದಾಟಿ ಆ ಕಡೆ ಹೋಗಿ ನಕ್ಕೋತ ನಿಂತ.

"ನಿಲ್ಲಿಸಿದ ಮ್ಯಾಲ ಹತ್ತಬೇಕಲೇ!" ಅಂತ ಕಂಡಕ್ಟರ್ ಬೈದು ಸೀಟಿ ಊದಿದ.

"ಅವ ಹೇಳಿದ್ದು ಖರೆ ಐತಿ. ನಿಲ್ಲಿಸಿದ ಗಾಡಿ ಹತ್ತಬೇಕು," ಅಂದ್ಳು ಮನಿ ಬಾಗಿಲಾಗ ನಿಂತಿದ್ದ ನೀಲವ್ವ. ನಾಕನೇ ದಿನ ಎದಿ ಗಟ್ಟಿ ಮಾಡ್ಕೊಂಡು ತಾನಾ ಹೊಂಟ್ಳು, ಮಗನ್ನ ಕರಕೊಂಡು.

ಪ್ಯಾಟ್ಯಾಗ ಇಳಿದ್ರ ಗಾಡಿಗೆ ಗಾಡಿ ಹತ್ತಿ ನಿಂತಾವ, ಇರುವಿ ತೂರೂದಿಲ್ಲ. ಆ ಕಡೆ ಬಾಗಿಲಾಗ ರೇಣವ್ವ, ಬಗಲಾಗ ಕೂಸು. ಈ ಕಡೆ ನೀಲವ್ವ. ಕಣ್ಣಾಗ ನೀರು ಬಂತು.

"ಅಳಬ್ಯಾಡವ್ವ!" ಯಮನೂರಿ ಕೈ ಮಾಡಿದ. ಎದುರಿಗೆ ಜೀಪು. ಅವ್ವನ್ನ ಎತ್ತಿ ಹತ್ತಿಸಿದ, ಆ ಕಡೆ ಇಳಿಸಿದ. ಆಮ್ಯಾಲ ಟ್ರ್ಯಾಕ್ಟರ್ ಟ್ರೇಲಿ. ಹತ್ತಿಸಿದ, ಇಳಿಸಿದ. "ಏ! ಏ! ಯಾರಲೇ!" ಅಂತ ಗಾಡಿಯವರು ಅನ್ನೂದರಾಗ ಮಗಳ ಬಾಗಿಲಾಗ ಇದ್ರು.

ಮೊಮ್ಮಗಳನ್ನ ಎದಿಗವಚಿಕೊಂಡು ನೀಲವ್ವ ಮಗನ ಕೆನ್ನಿ ಸವರಿದ್ಳು. "ಶಾಣ್ಯಾ ನನ್ನ ಮಗ! ಇನ್ಮ್ಯಾಲ ಹಿಂಗಾ ದಾಟಪ್ಪ."

ಸಂಜಿ ಮುಂದ ಬಸ್ ಊರಾಗ ಇಳಿಸಿ ಹೋತು. ರಸ್ತಿ ದಾಟಿದ್ರ ಎದುರಿಗೆ ಮನಿ. ರಸ್ತಿ ಆ ತುದಿಯಿಂದ ಈ ತುದಿತನಕ ಖಾಲಿ. ಯಮನೂರಿ ಅಲ್ಲೇ ಕುಂತುಬಿಟ್ಟ.

"ಯಾಕೋ? ನಡಿ, ಮನೀಗೆ!"

"ತಡೀಯವ್ವ," ಅಂದ, "ಒಂದು ಗಾಡಿ ಬರಲಿ. ಹತ್ತಿ ಇಳೀಲಾರದ ಹೆಂಗ ದಾಟೂದು?"