ಜೋಳ ಹಸನು ಮಾಡುವ ಕೈಗಳು ನಿಂತ ಸೋಮವಾರ

೧೯೬೧ನೆಯ ಇಸವಿ ಆಗಸ್ಟ್ ೨೧, ಶ್ರಾವಣದ ಎರಡನೆಯ ಸೋಮವಾರ. ಆ ವರ್ಷದ ನನ್ನ ದಿನಚರಿಯಲ್ಲಿ ಈ ತಾರೀಖಿನ ಕೆಳಗೆ ಇಷ್ಟೇ ಇದೆ: "ಹೊಳೆಸಂಗಾಪುರದ ಮಠ. ಅತ್ತೆ, ಮಾವನವರ ಜೊತೆ. ಮಾವನವರ ಕಾವ್ಯವನ್ನು ಕಕ್ಕೇರಿ ಮಾಸ್ತರರು ಓದಿದರು. ಯಾರ ಕೈಯೂ ನಿಲ್ಲಲಿಲ್ಲ." ಆಗ ನಾನು ಬಿ.ಎ. ಎರಡನೆಯ ವರ್ಷದಲ್ಲಿದ್ದೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಹೆಣ್ಣುಮಗಳು ನಾನೇ. ಕಂಡದ್ದನ್ನು ತಾರೀಖು ಹಾಕಿ ಬರೆದಿಡುವ ರೂಢಿಯನ್ನು ಅಂದಿನಿಂದ ಬಿಟ್ಟಿಲ್ಲ. ನನ್ನ ಕಣ್ಣಿಗೆ ಬೀಳದ ಸಂಗತಿಗಳನ್ನು ಮುಂದೆ ಮಾವನವರೇ ಪಾಟಿಯ ಮೇಲೆ ಬರೆದು ತಿಳಿಸಿದರು. ಎರಡನ್ನೂ ಸೇರಿಸಿ, ಆ ಮಠದ ಪರಮಪೂಜ್ಯ ಶ್ರೀ ಗುರುಶಾಂತ ಶಿವಯೋಗಿಗಳ ಪಾದಕ್ಕೆ ನಡೆದುಕೊಳ್ಳುವವರಿಗಾಗಿ ಇಲ್ಲಿ ಒಪ್ಪಿಸುತ್ತಿದ್ದೇನೆ.

ಭೀಮಾ ಹೊಳೆಯ ದಂಡೆಯ ಆ ಮಠಕ್ಕೆ ಗೋಪುರವಿರಲಿಲ್ಲ, ಆನೆ ಕುದುರೆಯಿರಲಿಲ್ಲ. ಕಲ್ಲು ಕಟ್ಟಿದ ಒಂದು ಗದ್ದುಗೆ, ಬೇವಿನ ಮರ, ದಾಸೋಹದ ಉದ್ದನೆಯ ಪಡಸಾಲೆ, ಇಷ್ಟೇ ವೈಭವ. ಬಂದವರಿಗೆಲ್ಲ ರೊಟ್ಟಿ ಹಾಕುವ ಮಠವಾದ್ದರಿಂದ ಮಧ್ಯಾಹ್ನವಾಯಿತೆಂದರೆ ಪಡಸಾಲೆಯಲ್ಲಿ ಜೋಳದ ರಾಶಿ ಸುರಿಯುತ್ತಿತ್ತು. ಸುತ್ತಲಿನ ಊರುಗಳ ಹೆಣ್ಣುಮಕ್ಕಳು ಮೊರ ಹಿಡಿದು ಕೂಡುತ್ತಿದ್ದರು. ಅವರ ಸಾಲಿನಲ್ಲಿಯೇ, ಹಳೆಯ ಗೋಣಿತಟ್ಟಿನ ಮೇಲೆ, ಮೊಳಕಾಲಿಗೆ ಮೊರ ಆನಿಸಿಕೊಂಡು ಹರಳು ಆರಿಸುತ್ತ ಪೂಜ್ಯರೂ ಕೂಡುತ್ತಿದ್ದರು. ಅರಿಯದವರು ಬಂದು, "ಯಪ್ಪಾ, ಅಪ್ಪಗಳು ಎಲ್ಲಿ ಅದಾರ?" ಎಂದು ಅವರನ್ನೇ ಕೇಳಿದ್ದುಂಟು.

ಶ್ರಾವಣ ಸೋಮವಾರಗಳಂದು ಇದೇ ಪಡಸಾಲೆಯಲ್ಲಿ ಕವಿಗಳು, ಪುರಾಣಿಕರು, ನಾಟಕ ಬರೆಯುವವರು ಕೂಡಿ ತಮ್ಮ ಹೊಸ ಬರವಣಿಗೆಯನ್ನು ಕೇಳಿಸುವ ಪದ್ಧತಿ ಇತ್ತು. ಅದಕ್ಕೆ ಎರಡು ಕಟ್ಟಳೆ. ಬರೆದವರು ತಮ್ಮದನ್ನು ತಾವೇ ಓದಬಾರದು. ಯಾರು ಓದಬೇಕೆಂಬುದನ್ನು ಪೂಜ್ಯರು ಹೇಳುವರು. ಕೇಳುವವರು ಕೆಲಸ ಬಿಡಬಾರದು, ಚಪ್ಪಾಳೆ ತಟ್ಟಬಾರದು. ಆದರೆ ಕೆಲವೊಮ್ಮೆ ಯಾರೂ ಹೇಳದೆ ಮೊರಗಳ ಸಪ್ಪಳ ತಾನೇ ನಿಂತುಬಿಡುತ್ತಿತ್ತು. ಆ ಸೀಮೆಯ ಬರಹಗಾರರಿಗೆ ಅದಕ್ಕಿಂತ ದೊಡ್ಡ ಬಿರುದು ಇರಲಿಲ್ಲ. "ಹೊಳೆಸಂಗಾಪುರದಾಗ ಕೈ ನಿಂತಾವು" ಎಂದರೆ ಮುಗಿಯಿತು.

ನಮ್ಮ ಮಾವನವರಾದ ಅಡಿವೆಪ್ಪ ಸಾಸನೂರ ಕವಿಗಳು ಮಾತ್ರ ಆ ಮಠದತ್ತ ತಲೆ ಹಾಕಿರಲಿಲ್ಲ. "ನನ್ನ ಊಟ ಇನ್ನೊಬ್ಬ ಉಂಡರ ನನ್ನ ಹೊಟ್ಟಿ ತುಂಬೂದೇನು?" ಎಂದು ನಗೆಯಾಡುತ್ತಿದ್ದರು. ಅವರ ಕಂಠ ಅಂಥದು. ಅವರು ದನಿ ಎತ್ತಿದರೆ ಬಯಲಿನ ಕೊನೆಯಲ್ಲಿ ಕೂತವರಿಗೂ ಮೈ ಜುಮ್ಮೆನ್ನುತ್ತಿತ್ತು. ಅವರು ಬರೆದ ದೊಡ್ಡ ಕಾವ್ಯ 'ಅಂಬಿಗರ ನಿಂಗವ್ವ'. ಪ್ಲೇಗು ಬಂದ ವರ್ಷ ಊರ ಜನರನ್ನೆಲ್ಲ ಹರಿಗೋಲಿನಲ್ಲಿ ಹೊಳೆ ದಾಟಿಸಿ, ದಡದಲ್ಲಿ ಬಿಟ್ಟ ತನ್ನ ಕೂಸಿನ ಕಡೆಗೆ ಕಟ್ಟಕಡೆಗೆ ಹೊರಳಿದ ತಾಯಿಯ ಕಥೆ ಅದು. ಅದನ್ನು ಅವರು ಊರೂರಲ್ಲಿ ಓದಿ, ಗಂಡಸರನ್ನೂ ಅಳಿಸಿ, ಶಾಲು ಹೊದ್ದು ಬರುತ್ತಿದ್ದರು.

ಆ ವರ್ಷ ಬೇಸಿಗೆಯಲ್ಲಿ ಅವರ ಗಂಟಲೊಳಗೆ ಗಂಟು ಕಾಣಿಸಿತು. ಅದನ್ನು ತೆಗೆಯದಿದ್ದರೆ ಜೀವಕ್ಕೆ ಅಪಾಯ, ತೆಗೆದರೆ ದನಿ ಉಳಿಯುವುದಿಲ್ಲ ಎಂದು ವೈದ್ಯರು ಬಿಡಿಸಿ ಹೇಳಿದರು. ಶ್ರಾವಣ ಮುಗಿಯಲಿ ಎಂದು ಕವಿಗಳು ಗಡುವು ಕೇಳಿ ಬಂದರು. ಸಾವಿನ ಭಯ ಅವರನ್ನು ಅಷ್ಟು ಕಾಡಲಿಲ್ಲ. ದನಿ ಹೋದ ಮರುದಿನವೇ ನಿಂಗವ್ವನೂ ಹೊಳೆ ಪಾಲಾಗುತ್ತಾಳೆ, ನನ್ನ ಬಾಯಿ ಬಿಟ್ಟರೆ ಅವಳಿಗೆ ಬೇರೆ ಬಾಯಿಲ್ಲ ಎಂಬ ಒಂದೇ ಉರಿ ಅವರನ್ನು ಸುಡುತ್ತಿತ್ತು.

"ಒಮ್ಮೆ ಅಪ್ಪಗಳ ಪಾದಕ್ಕ ಹೋಗೂಣ ಬರ್ರಿ," ಎಂದರು ಅತ್ತೆ ನೀಲಗಂಗವ್ವ.

"ನಿಮ್ಮ ಅಪ್ಪಗಳೇನು ಗಂಟಲಕ್ಕ ವಿಭೂತಿ ಹಚ್ಚಿ ಗಂಟು ಕರಗಸ್ತಾರೇನು?"

"ಗಂಟು ಕರಗದಿದ್ದರ ಬ್ಯಾಡ. ನಿಮ್ಮ ಮನಸಿನ ಬಿಗುವರೆ ಕರಗೀತು, ನಡೀರಿ."

ಕವಿಗಳು ಹೊರಟರು. ಆದರೆ ಅವರ ಮನಸ್ಸಿನ ಲೆಕ್ಕ ಬೇರೆಯಿತ್ತು. ಇದು ಕೊನೆಯ ಓದು, ಕಟ್ಟಳೆ ಸಡಿಲಿಸಿ ನನ್ನಿಂದಲೇ ಓದಿಸಿ ಎಂದು ಕೇಳುವುದು. ಒಪ್ಪದಿದ್ದರೆ, ಸಾಯುವ ಕಾವ್ಯಕ್ಕೆ ನೀರು ಕೊಡದ ಇದೆಂಥ ಮಠ ಎಂದು ಹೇಳಿ ಎದ್ದು ಬರುವುದು.

ನಾವು ಪಡಸಾಲೆಗೆ ಬಂದಾಗ ಪೂಜ್ಯರು ಮೊರ ಹಿಡಿದೇ ಇದ್ದರು. ಕವಿಗಳು ನಮಸ್ಕರಿಸಿ, ತಮ್ಮ ಸಂಕಟವನ್ನೆಲ್ಲ ಹೇಳಿಕೊಂಡು, ಓದಲು ಅಪ್ಪಣೆ ಬೇಡಿದರು. ಪೂಜ್ಯರು ಕೇಳಿದರು. ಒಂದು ಹರಳನ್ನು ಆರಿಸಿ ಬದಿಗಿಟ್ಟರು.

"ಶಂಭುಲಿಂಗಪ್ಪ ಓದಲಿ," ಎಂದರು.

ಕವಿಗಳಿಗೆ ಕೆನ್ನೆಗೆ ಹೊಡೆದಂತಾಯಿತು. ಶಂಭುಲಿಂಗಪ್ಪ ಕಕ್ಕೇರಿ ಮಾಸ್ತರರು ಸಣ್ಣ ಸಣ್ಣ ಕಥೆ ಬರೆಯುವವರು, ಪತ್ರಿಕೆಗಳಲ್ಲಿ ಪುಸ್ತಕಗಳ ವಿಮರ್ಶೆ ಮಾಡುವವರು. "ಸಾಸನೂರರ ಕಾವ್ಯಕ್ಕ ಛಾಪಖಾನಿ ಬೇಕಿಲ್ಲ, ಅವರ ಗಂಟಲನ್ನ ಛಾಪಿಸಿದರ ಸಾಕು" ಎಂದು ಅಚ್ಚಿನಲ್ಲಿಯೇ ಬರೆದಿದ್ದರು. ಅವರ ದನಿಯೋ, ಒಣಗಿದ ತೊಗರಿಕಟ್ಟಿಗೆ ಮುರಿದಂತೆ.

ಮಾಸ್ತರರೂ ಗಾಬರಿಯಾಗಿ, "ಬುದ್ಧೀ, ನಾ ಓದಿದರ ನಾ ಬೇಕಂತ ಕೆಡಿಸಿದೆ ಅಂತಾರ್ರಿ," ಎಂದರು.

"ಬೇಕಂತ ಕೆಡಸಬ್ಯಾಡ. ಬೇಕಂತ ಸುಧಾರಸಲೂಬ್ಯಾಡ. ಇದ್ದದ್ದು ಓದು."

ಓದು ಸುರುವಾಯಿತು. ಮೊರಗಳು ಸರಸರ ಆಡುತ್ತಿದ್ದವು. ಎಲ್ಲಿ ಸಾವಿರ ಜನ ಉಸಿರು ಹಿಡಿಯುತ್ತಿದ್ದರೋ ಆ ಸಾಲುಗಳು ಮಾಸ್ತರರ ಬಾಯಲ್ಲಿ ಹಾಜರಿ ಕೂಗಿದಂತೆ ಬಂದು ಬಂದು ಹೋದವು. ಕವಿಗಳು ಕೂತಲ್ಲೇ ಚಡಪಡಿಸಿದರು. "ಇಲ್ಲೆ ಎತ್ತಬೇಕ್ರಿ, ಎತ್ತರಿ!" ಎಂದರು. ಮತ್ತೊಂದೆಡೆ ತಾವೇ ಬಾಯಿ ಹಾಕಿ ಸಾಲನ್ನು ಎಳೆದರು.

ಪೂಜ್ಯರು ತಲೆ ಎತ್ತದೆಯೇ ಹೇಳಿದರು: "ಕವಿಗಳೆ, ಮಗಳು ಗಂಡನ ಮನೀಗೆ ಹೋಗ್ಯಾಳ. ಕಿಡಕ್ಯಾಗ ನಿಂತು, ಹೀಂಗ ನಗು, ಹಾಂಗ ಅಳು ಅನಬಾರದು."

ಪಡಸಾಲೆಯ ತುಂಬ ನಗೆ ಹರಡಿತು. ಕಥೆ ನಡುಹೊಳೆಗೆ ಬಂತು. ನಿಂಗವ್ವ ದಡದತ್ತ ಹೊರಳುವ ಆ ಘಟ್ಟದಲ್ಲಿ 'ಅಯ್ಯೋ' ಎಂದು ಮೊದಲಾಗುವ ಸಾಲುಗಳು ಒಂದರ ಬೆನ್ನಿಗೆ ಒಂದು ಬರುತ್ತವೆ. ಕವಿಗಳು ಅಲ್ಲಿ ಒಂದೊಂದು ಅಯ್ಯೋವನ್ನೂ ಒಂದೊಂದು ಮೆಟ್ಟಿಲು ಮೇಲೇರಿಸಿ ಜನರ ಕರುಳು ಕೀಳುತ್ತಿದ್ದರು. ಮಾಸ್ತರರು ಓದಿದರು: ಅಯ್ಯೋ, ಅಯ್ಯೋ, ಮತ್ತೆ ಅಯ್ಯೋ. ಮೂಲೆಯಲ್ಲಿ ಕೂತ ತಾಳಿಕೋಟಿ ಕಡೆಯ ಮುದುಕಿ ಬಾಳವ್ವ ಮೊರ ಕೊಡವುತ್ತ, "ಎಷ್ಟ ಅಯ್ಯೋ ಅಂತಾಳವ್ವ ಇಕಿ! ಕೂಸಿನ ಕಡೆ ಹೋಗೂದು ಯಾವಾಗ?" ಎಂದಳು.

ಯಾರ ಕೈಯೂ ನಿಲ್ಲಲಿಲ್ಲ.

ಓದು ಮುಗಿದಾಗ ಕವಿಗಳ ಕಣ್ಣಲ್ಲಿ ನೀರು ನಿಂತಿತ್ತು. "ನೋಡಿದಿರೇನು ಬುದ್ಧೀ, ಕಾವ್ಯಾನ ಕೊಂದಬಿಟ್ರು," ಎಂದರು.

ಆಗ ಪೂಜ್ಯರು ಅವರ ಮುಖವನ್ನು ನೋಡಿದರು. ಆ ನೋಟದಲ್ಲಿ ಕರುಣೆ ಇತ್ತು, ಆದರೆ ಬಿಡುವ ಲಕ್ಷಣ ಇರಲಿಲ್ಲ ಎಂದು ಮಾವನವರು ಮುಂದೆ ಪಾಟಿಯ ಮೇಲೆ ಬರೆದರು.

"ಸತ್ತದ್ದು ಯಾವುದು, ಉಳದದ್ದು ಯಾವುದು, ಕೇಳಿಸ್ತೇನು?" ಎಂದು ಕೇಳಿದರು ಪೂಜ್ಯರು. "ಬರೂ ಸೋಮವಾರ ಮತ್ತ ಓದೂಣ. ಶಂಭುಲಿಂಗಪ್ಪನ ಓದಲಿ."

ಕವಿಗಳು ಗಂಟುಮೂಟೆ ಕಟ್ಟಿದರು. ಅತ್ತೆ ಅಡ್ಡ ಬರಲಿಲ್ಲ. "ಗಾಡಿ ಹೂಡಸ್ಲೇನ್ರಿ? ಹೋಗೂಣ. ಆದರ ಆ ನಿಂಗವ್ವನ್ನ ನಡುಹೊಳ್ಯಾಗ ಬಿಟ್ಟು ಹೊಂಟೀರಿ, ಅಷ್ಟ ನೆನಪಿಡ್ರಿ," ಎಂದರು. ಕವಿಗಳು ಕಟ್ಟಿದ ಗಂಟಿನ ಮೇಲೆಯೇ ಬಹಳ ಹೊತ್ತು ಕೂತರು. ಆಮೇಲೆ ಎದ್ದು, ತಾವಾಗಿಯೇ, ಬೇವಿನ ಕಟ್ಟೆಯಲ್ಲಿ ಎಲೆಯಡಿಕೆ ಹಾಕುತ್ತಿದ್ದ ಮಾಸ್ತರರ ಬಳಿಗೆ ಹೋದರು.

"ನಿಮಗ ಓದಾಕ ಎಲ್ಲಿ ಜಡ ಆತು, ಹೇಳ್ರಿ."

ಮಾಸ್ತರರು ಚೇಷ್ಟೆಗೆ ಬಾಯಿ ತೆರೆದವರು, ಕವಿಗಳ ಮುಖ ನೋಡಿ ಎಲೆಯಡಿಕೆ ಬದಿಗಿಟ್ಟರು. "ಸಾಸನೂರರ, ನಿಮ್ಮ ಗಂಟಲಕ್ಕ ಹತ್ತು ಅಯ್ಯೋ ಅಂದರ ಹತ್ತು ಥರಾ. ನನ್ನ ಗಂಟಲಕ್ಕ ಹತ್ತೂ ಒಂದ. ನಿಮಗ ಶಬ್ದ ಕಡಿಮಿ ಬಿದ್ದಲ್ಲೆಲ್ಲಾ ದನಿ ಹಚ್ಚಿ ತೇಪಿ ಹಾಕೀರಿ. ನನ್ನ ಕಡೆ ಆ ತೇಪಿ ಅರಿವಿ ಇಲ್ಲ," ಎಂದರು.

"ಮತ್ತ ನಿಮ್ಮ ಕಥಿಯೊಳಗ ತೇಪಿ ಇಲ್ಲೇನು?"

"ನಿಮ್ಮಂಥಾ ಗಂಟಲ ಇದ್ದಿದ್ದರ ನಾನೂ ಹಾಕತಿದ್ದೆ, ಬಿಡ್ರಿ. ಬಡವಗ ಚೊಕ್ಕ ಇರೂದು ಸೋವಿ, ಖರ್ಚಿಲ್ಲ."

ಕವಿಗಳು ನಕ್ಕರು. ನಾವು ಮಠದಲ್ಲಿಯೇ ಉಳಿದ ಆ ವಾರವಿಡೀ ಕಟ್ಟೆಯ ಮೇಲೆ ಜಗಳವೋ ಜಗಳ. ಒಬ್ಬರು ಓದುವುದು, ಒಬ್ಬರು ಕಣ್ಣು ಮುಚ್ಚಿ ಕೇಳುವುದು. ಈ ಸಾಲು ನನ್ನ ಪ್ರಾಣ ಎಂದು ಕವಿಗಳು, ಪ್ರಾಣವಾದರೆ ಉಸಿರಾಡಲಿ ನೋಡೋಣ ಎಂದು ಮಾಸ್ತರರು. ಕವಿಗಳು ಪದ್ಯಗಳಿಗೆ ಗೀಟು ಎಳೆಯುತ್ತ ಹೋದರು. ಜನರನ್ನು ಅಳಿಸಿದ್ದ ಪದ್ಯಗಳು, ಶಾಲು ತಂದ ಪದ್ಯಗಳು ಒಂದೊಂದಾಗಿ ಹೋದವು. ಉಳಿದದ್ದನ್ನು ಕವಿಗಳು ಪಿಸುದನಿಯಲ್ಲಿ ಮಾತ್ರ ಓದಿ ನೋಡುತ್ತಿದ್ದರು. ಪಿಸುದನಿಯಲ್ಲಿ ನಿಲ್ಲದ ಸಾಲು ಬೇಡ ಎಂಬ ನೇಮವನ್ನು ತಮಗೆ ತಾವೇ ಹಾಕಿಕೊಂಡರು. ಪೂಜ್ಯರು ಆ ಕಡೆ ಸುಳಿಯಲೇ ಇಲ್ಲ.

ಮೂರನೆಯ ಸೋಮವಾರ ಬಂತು. ಕವಿಗಳು ಈ ಸಲ ಮುಂದೆ ಕೂಡದೆ ಹಿಂದಿನ ಸಾಲಿನಲ್ಲಿ, ತಾವೂ ಒಂದು ಮೊರ ಇಸಕೊಂಡು ಕೂತರು. ಕೈಗೆ ಕೆಲಸವಿದ್ದರೆ ಬಾಯಿ ಸುಮ್ಮನಿದ್ದೀತು ಎಂದುಕೊಂಡರು. ಇವತ್ತು ಕೈಗಳು ನಿಲ್ಲದಿದ್ದರೆ ಮುಂದೆ ಎಂದೂ ನಿಲ್ಲದು; ಗಂಟಲಿಗೆ ಕತ್ತಿ ಬೀಳುವ ದಿನ ಹತ್ತಿರವಿತ್ತು.

ಮಾಸ್ತರರು ಓದಿದರು. ದನಿ ಅದೇ ಒಣ ತೊಗರಿಕಟ್ಟಿಗೆ. ಮೊರಗಳ ಸಪ್ಪಳವೂ ಅದೇ. ಊರು ಖಾಲಿಯಾಯಿತು, ಹರಿಗೋಲು ಹೋಗಿ ಬಂತು, ಮತ್ತೆ ಹೋಯಿತು. ಪಡಸಾಲೆಯ ಒಂದು ಬದಿಯಲ್ಲಿ ಸಪ್ಪಳ ತುಸು ತಗ್ಗಿದಂತೆ ಕವಿಗಳಿಗೆ ಅನ್ನಿಸಿತು, ಭ್ರಮೆ ಎಂದುಕೊಂಡರು. ನಡುಹೊಳೆಯ ಘಟ್ಟ ಬಂತು. ಅಯ್ಯೋಗಳೆಲ್ಲ ಹೋಗಿ ಅಲ್ಲಿ ಉಳಿದದ್ದು ಎರಡೇ ಸಾಲು:

ಕೂಗಲಿಲ್ಲ ಕೂಸು, ದಡವು ಕೂಗಿತು.
ಹುಟ್ಟನಿಳಿಸಿ ತಾಯಿ ನೀರಿಗಿಳಿದಳು.

ಮಾಸ್ತರರು ಮುಂದಿನ ಸಾಲಿಗೆ ಹೋಗಲಾರದೆ ನಿಂತರು. ತಾವೇ ವಾರವಿಡೀ ತಿದ್ದಿಸಿದ ಸಾಲು ತಮ್ಮನ್ನೇ ಹಿಡಿದೀತೆಂದು ಅವರು ಎಣಿಸಿರಲಿಲ್ಲ. ಅವರು ನಿಂತಾಗಲೇ ಎಲ್ಲರಿಗೂ ತಿಳಿಯಿತು, ಪಡಸಾಲೆಯಲ್ಲಿ ಏನೂ ಸಪ್ಪಳವಿಲ್ಲ ಎಂದು. ಅಷ್ಟು ಉದ್ದದ ಸಾಲಿನಲ್ಲಿ ಒಂದು ಮೊರವೂ ಆಡುತ್ತಿರಲಿಲ್ಲ. ಹೊರಗೆ ಹೊಳೆ ಹರಿಯುವುದು ಕೇಳಿಸುತ್ತಿತ್ತು. ನಾನು ಪೂಜ್ಯರತ್ತ ನೋಡಿದೆ. ಬೆರಳಲ್ಲಿ ಹಿಡಿದ ಹರಳು ಹಾಗೇ ಇತ್ತು. ಅವರು ಕಣ್ಣು ಮುಚ್ಚಿದ್ದರು.

"ಓದೋ ಮಾಸ್ತರ!" ಎಂದು ಬಾಳವ್ವ ಗದ್ಗದದಲ್ಲಿಯೇ ಗದರಿದಳು. "ಮುಟ್ಟಿದಳೋ ಇಲ್ಲೋ ಆಕಿ ದಡಾ? ನಡುವ ನಿಲ್ಲಸ್ತಾರೇನು!"

ಮಾಸ್ತರರು ಓದಿದರು. ಕೊನೆಯವರೆಗೂ ಯಾರ ಕೈಯೂ ಆಡಲಿಲ್ಲ. ಹಿಂದಿನ ಸಾಲಿನಲ್ಲಿ ಕವಿಗಳು ತಮ್ಮ ಕಾವ್ಯವನ್ನು ಜೀವನದಲ್ಲಿ ಮೊದಲ ಸಲ ಕೇಳಿದರು. ಓದುವಾಗ ತಮಗೆ ಯಾವಾಗಲೂ ತಮ್ಮ ದನಿಯೇ ಕೇಳಿಸುತ್ತಿತ್ತು, ಆ ದಿನ ನಿಂಗವ್ವ ಕೇಳಿಸಿದಳು ಎಂದು ಅವರು ಬರೆದಿದ್ದಾರೆ.

ಅವರು ಎದ್ದು ಬಂದು ಪೂಜ್ಯರ ಪಾದದ ಮೇಲೆ ತಲೆ ಇಟ್ಟರು. ಪೂಜ್ಯರು ಅವರ ಬೆನ್ನಿನ ಮೇಲೆ ಕೈ ಇರಿಸಿ ಹೇಳಿದರು:

"ಇನ್ನ ದವಾಖಾನಿಗೆ ಹೋಗಿ ಬಾ, ಅಡಿವೆಪ್ಪ. ಆಕಿ ಇಲ್ಲೇ ಇರತಾಳ."

ಕವಿಗಳು ಎದ್ದವರೇ ಮಾಸ್ತರರನ್ನು ತಬ್ಬಿಕೊಂಡರು. "ನನ್ನ ಮಗಳಿಗೆ ಒಳ್ಳೇ ಮನಿ ಸಿಕ್ಕತು," ಎಂದರು. "ಮನಿ ಸಣ್ಣದ್ರಿ, ಸಾಸನೂರರ," ಎಂದು ಮಾಸ್ತರರು ಅಳುತ್ತಲೇ ನಕ್ಕರು. ಅಂದು ದಾಸೋಹದ ರೊಟ್ಟಿ ತಡವಾಯಿತು. ಯಾರೂ ಗೊಣಗಲಿಲ್ಲ.

ಮಾಸ್ತರರು ಮುಂದೆ ಆ ಕಾವ್ಯವನ್ನು ಹೊಳೆಸಾಲಿನ ಊರೂರಲ್ಲಿ ಓದಿದರು. ಅವರಿಂದ ಕೇಳಿದವರು ಇನ್ನೊಬ್ಬರಿಗೆ ಓದಿದರು. ದಾಟಿಸುವ ಅಂಬಿಗರು ಆ ಎರಡು ಸಾಲನ್ನು ಹೊಳೆಯ ನಡುವೆ ಹೇಳುವುದನ್ನು ನಾನು ಸ್ವತಃ ಕೇಳಿದ್ದೇನೆ. ಬರೆದವರು ಯಾರೆಂದು ಕೇಳಿದರೆ, "ಅದು ನಮ್ಮ ನಿಂಗವ್ವಂದ್ರಿ" ಎಂದರು. ಪುಸ್ತಕ ಅಚ್ಚಾಗಿ ಬಂದ ವರ್ಷ ಶ್ರಾವಣದಲ್ಲಿ ಮಠದ ಪಡಸಾಲೆ ಸಾಲದೆ ಜನ ಬೇವಿನ ಬುಡದವರೆಗೂ ಕೂತಿದ್ದರು. ಅಡಿವೆಪ್ಪನವರು ಅವರ ನಡುವೆ ಎದೆ ಸೆಟೆಸಿ ಕೂತಿದ್ದರು. ಅಷ್ಟು ಸಂತೋಷದ ಮುಖವನ್ನು ಶಾಲು ಹೊದ್ದ ದಿನಗಳಲ್ಲಿ ನಾನು ಕಂಡಿರಲಿಲ್ಲ.

ಇದಕ್ಕೆ ತೆತ್ತದ್ದನ್ನೂ ಬರೆದಿಡಬೇಕು. ಕಾವ್ಯದ ಅರ್ಧಕ್ಕಿಂತ ಹೆಚ್ಚು ಭಾಗ ಹೋಯಿತು, ಅದರ ಪ್ರತಿ ಈಗ ಯಾರ ಬಳಿಯೂ ಇಲ್ಲ. ಊರೂರಿನ ಕರೆಗಳು ನಿಂತವು, ಅದರಿಂದ ನಡೆಯುತ್ತಿದ್ದ ಸಂಸಾರಕ್ಕೆ ಹೊಳೆದಂಡೆಯ ಹೊಲ ಮಾರಬೇಕಾಯಿತು. ಕಕ್ಕೇರಿ ಮಾಸ್ತರರು ಆಮೇಲೆ ತಮ್ಮದೆಂದು ಒಂದು ಕಥೆಯನ್ನೂ ಬರೆಯಲಿಲ್ಲ. ಕೇಳಿದರೆ ಪುರುಸೊತ್ತಿಲ್ಲ ಎನ್ನುತ್ತಿದ್ದರು. ಅಡಿವೆಪ್ಪನವರ ದನಿ ಆ ವರ್ಷದ ಸೆಪ್ಟೆಂಬರಿನಲ್ಲಿ ಹೋಯಿತು. ಅವರು ಆಮೇಲೂ ಹದಿನಾಲ್ಕು ವರ್ಷ ಬದುಕಿದರು. "ನೀಲಗಂಗಾ" ಎಂದು ಅವರು ಕರೆದದ್ದನ್ನು ನಮ್ಮ ಅತ್ತೆ ಮತ್ತೆ ಕೇಳಲಿಲ್ಲ.