ಕೋಶದಲ್ಲಿ ಕೆಂಚನ ಹೆಸರು

"ಅಪ್ಪಗಳೇ, ಒಬ್ಬರ ವಿಷಯವನ್ನು ಕೋಶದಲ್ಲಿ ಬರೆಯುವಾಗ ಹೆಸರಿನ ಮುಂದೆ ಅವರ ಬಿರುದುಗಳನ್ನು ಹಚ್ಚಬೇಕೋ, ಬರಿ ಹೆಸರು ಬರೆದರೆ ಸಾಕೋ?"

ಹೀಗೆ ಕೇಳಿದವನು ಮಠದ ಶಿಷ್ಯ ಚನ್ನವೀರಯ್ಯ. ಆ ಸೀಮೆಯಲ್ಲಿ ಬಾಳಿ ಹೋದವರ ವಿವರಗಳನ್ನು ಕೂಡಿಸಿ, ಅಕಾರಾದಿಯಾಗಿ ಒಂದು ವ್ಯಕ್ತಿಕೋಶ ಸಿದ್ಧಮಾಡುವ ಕೆಲಸವನ್ನು ಗುರುಗಳು ಅವನಿಗೆ ವಹಿಸಿದ್ದರು. ಅಂದು ಬೆಳಿಗ್ಗೆ ದೇಸಾಯರ ವಾಡೆಯಿಂದ ಅವರ ಕಾರಭಾರಿ ಬಂದು, "ನಮ್ಮ ಹಿರೇರ ಹೆಸರಿನ ಮುಂದ ಅವರ ಬಿರುದು ಎಲ್ಲಾ ಬರಬೇಕ್ರಿ. ಇಲ್ಲಾಂದ್ರ ನಿಮ್ಮ ಪುಸ್ತಕದಾಗ ನಮ್ಮ ಹೆಸರೇ ಬ್ಯಾಡ" ಎಂದು ಹೇಳಿ ಹೋಗಿದ್ದ. ಆಗಿನಿಂದ ಚನ್ನವೀರಯ್ಯನಿಗೆ ಪ್ರಸಾದ ಸೇರಿರಲಿಲ್ಲ. ಬಿರುದು ಬಿಟ್ಟರೆ ದೊಡ್ಡವರಿಗೆ ಅಗೌರವ. ಹಚ್ಚಿದರೆ ಬಿರುದೇ ಇಲ್ಲದ ಬಡವರು ಅದೇ ಪುಟದಲ್ಲಿ ಬೆತ್ತಲೆ ನಿಂತ ಹಾಗೆ.

ಗುರುಗಳು ಕೈಯಲ್ಲಿದ್ದ ಜಪಮಾಲೆಯನ್ನು ಕೊರಳಿಗೆ ಹಾಕಿಕೊಂಡರು. "ಕೂಡು ತಮ್ಮಾ, ಹೇಳುತ್ತೇನೆ" ಎಂದು ಕತೆ ಸುರುಮಾಡಿದರು.

ಒಂದು ರಾಜ್ಯದಲ್ಲಿ ಒಬ್ಬ ಲಿಪಿಕಾರನಿದ್ದ. ದೊರೆ ಅವನನ್ನು ಕರೆದು, "ಈ ನಾಡಿಗೆ ಒಳ್ಳೆಯದು ಮಾಡಿದವರನ್ನೂ ಕೆಟ್ಟದ್ದು ಮಾಡಿದವರನ್ನೂ ಬರೆದಿಡು. ಮುಂದೆ ಹುಟ್ಟುವವರು ತೆಗೆದು ನೋಡಿದರೆ ಯಾರು ಏನು ಮಾಡಿದರೆಂದು ತಿಳಿಯಬೇಕು" ಎಂದ. ಲಿಪಿಕಾರ ದೈವಭಕ್ತ. ಅವನಿಗೆ ಅದು ಚಾಕರಿ ಅನ್ನಿಸಲಿಲ್ಲ, ಪೂಜೆ ಅನ್ನಿಸಿತು. ಓಲೆಯ ತಲೆಯಲ್ಲಿ ಹೆಸರು, ಅದರ ಕೆಳಗೆ ಮಾಡಿದ ಕೆಲಸ. ಬಿರುದು ಸಿಕ್ಕಿದ್ದರೆ ಕಡೆಯ ಸಾಲಿನಲ್ಲಿ ಅದು. ಇದು ಅವನು ಹಾಕಿಕೊಂಡ ಕಟ್ಟಳೆ. ದೊರೆಯ ಮುತ್ತಜ್ಜನಿಗೂ ಅದೇ, ಊರಬಾವಿ ತೋಡಿದವನಿಗೂ ಅದೇ. ಕಪ್ಪು ಕೂದಲಿನಲ್ಲಿ ಹಿಡಿದ ಕೆಲಸ, ಕೂದಲು ನೆರೆತ ಮೇಲೂ ನಡೆದಿತ್ತು.

ಆ ರಾಜ್ಯದ ಗಡಿಯಲ್ಲಿ ಒಂದು ಬೆಟ್ಟದ ಕೋಟೆ. ಅದನ್ನು ಕಾಯುತ್ತಿದ್ದ ಸೇನಾಪತಿ ಶೂರ, ಮನಸ್ಸಿನಲ್ಲಿ ಕಪಟವಿಲ್ಲದವನು. ಶತ್ರುಗಳು ಮುತ್ತಿಗೆ ಹಾಕಿದಾಗ ತನ್ನ ಮನೆಯ ಕಣಜ ತೆರೆದು ಊರಿಗೆ ಉಣಬಡಿಸಿದ್ದ. ಕಣಜ ಬರಿದಾದ ಮೇಲೆ ಜನರ ಪಂಕ್ತಿಯಲ್ಲೇ ಕೂತು ಹುಣಸೆಬೀಜದ ಅಂಬಲಿ ಕುಡಿದಿದ್ದ. ಕೋಟೆ ಉಳಿಯಿತು. ಆ ಕೋಟೆಯ ಸೇನಾಪತಿಗಳಿಗೆ ಮೊದಲಿನಿಂದ ಸಲ್ಲುತ್ತಿದ್ದ ಬಿರುದುಗಳನ್ನು ದೊರೆ ಅವನಿಗೂ ಕೊಟ್ಟ. ಅವನ್ನು ಕೂಗುತ್ತ ಮುಂದೆ ನಡೆಯಲು ಒಬ್ಬ ಹೊಗಳುಭಟನನ್ನೂ ಕೊಟ್ಟ. ಕೂಗು ಕೇಳಿ ಕೇಳಿ ಸೇನಾಪತಿಯ ಕಿವಿಗೆ ಅದೇ ರುಚಿ ಹತ್ತಿತು.

ಒಂದು ದಿನ ಅವನು ತನ್ನ ಓಲೆ ನೋಡಬೇಕೆಂದು ಬಂದ. ತಲೆಯಲ್ಲಿ 'ಕೆಂಚ' ಎಂದಷ್ಟೇ ಇತ್ತು.

"ಏನಯ್ಯಾ ಇದು? ತಪ್ಪಿಸಿಕೊಂಡ ಹೋರಿಯನ್ನು ಕೂಗಿದ ಹಾಗೆ 'ಕೆಂಚ' ಅಂತ ಬರೆದಿದ್ದೀಯಲ್ಲ!"

"ತಮ್ಮ ಹೆಸರು ಅದೇ ಅಲ್ಲವೇ, ಒಡೆಯಾ?"

"ಅದು ಎಂದೋ ಇದ್ದ ಹೆಸರು. ಈಗ ನನ್ನ ಬಾಗಿಲಲ್ಲಿ ನಿಂತು ಹಾಗೆ ಕೂಗಿ ನೋಡು, ನನ್ನ ನಾಯಿ ಕೂಡ ತಿರುಗಿ ನೋಡುವುದಿಲ್ಲ."

ಮಾತು ದೊರೆಯ ತನಕ ಹೋಯಿತು. ದೊರೆಗೆ ಇಬ್ಬರೂ ಬೇಕಾದವರು. "ನಾಳೆ ತುಂಬಿದ ಸಭೆಯಲ್ಲಿ ಇತ್ಯರ್ಥವಾಗಲಿ. ಲಿಪಿಕಾರ, ನಿನ್ನ ಕಟ್ಟಳೆಯೇ ಸರಿಯೆಂದು ಸೇನಾಪತಿಯ ಬಾಯಿಂದಲೇ ಅನ್ನಿಸು. ಆಗದಿದ್ದರೆ ಕೋಶವನ್ನು ಬೇರೆಯವರ ಕೈಗೊಪ್ಪಿಸಿ ಮನೆಗೆ ನಡೆ. ಅವರು ಬಿರುದಿನ ಪ್ರಕಾರ ಮೊದಲಿನಿಂದ ಬರೆಯುತ್ತಾರೆ" ಎಂದ.

ಲಿಪಿಕಾರ ಮನೆಗೆ ಬಂದು ದೇವರ ಮುಂದೆ ಕೂತ. "ತಂದೇ, ನನ್ನ ಕೆಲಸ ಹೋದರೆ ಹೋಗಲಿ. ಬಿರುದಿನ ಪ್ರಕಾರ ಬರೆದರೆ ಬಿರುದಿಲ್ಲದವರು ಎಲ್ಲಿಗೆ ಹೋಗಬೇಕು? ಅವರು ನಿನ್ನವರಲ್ಲವೇ?" ಎಂದು ಕೇಳಿದ. ದೇವರು ಬಾಯಿಬಿಟ್ಟು ಏನೂ ಹೇಳಲಿಲ್ಲ. ಆದರೆ ಕೈಮುಗಿದು ಏಳುವಷ್ಟರಲ್ಲಿ ಅವನ ಮನಸ್ಸು ತಿಳಿಯಾಗಿತ್ತು. ಹೊಸದೊಂದು ಓಲೆ ತೆಗೆದು ಬರೆಯತೊಡಗಿದ.

ಮರುದಿನ ಅರಮನೆಯ ಅಂಗಳ ಕಿಕ್ಕಿರಿದಿತ್ತು. ತಮ್ಮ ಸೇನಾಪತಿಯ ವ್ಯಾಜ್ಯ ಎಂದು ಕೋಟೆಯ ಜನವೂ ಬೆಟ್ಟ ಇಳಿದು ಬಂದಿದ್ದರು.

"ತಾವು ಬಯಸಿದ ಹಾಗೆಯೇ ಬರೆದು ತಂದಿದ್ದೇನೆ, ಒಡೆಯಾ" ಎಂದ ಲಿಪಿಕಾರ. "ತಲೆಯಲ್ಲಿ ಬಿರುದು. ಅದರ ಕೆಳಗೆ, ಆ ಬಿರುದು ಹೊತ್ತವರು ಮಾಡಿದ ಕೆಲಸ. ಒಂದಕ್ಷರ ಸುಳ್ಳಿಲ್ಲ. ತಮ್ಮ ಹೊಗಳುಭಟನೇ ಓದಲಿ."

ಹೊಗಳುಭಟ ಗಂಟಲು ಸರಿಮಾಡಿಕೊಂಡ. "ರಣರಂಗಭೈರವ! ಶರಣಾಗತವಜ್ರಪಂಜರ! ಗಿರಿದುರ್ಗಮಲ್ಲ!" ಸೇನಾಪತಿ ಮೀಸೆಯ ಮೇಲೆ ಕೈಯಾಡಿಸಿದ. ಹೊಗಳುಭಟ ಅದೇ ಏರುದನಿಯಲ್ಲಿ ಮುಂದುವರಿಸಿದ: "ಶತ್ರುಗಳು ಬೆಟ್ಟ ಹತ್ತಿದ ದಿನ ಇವರು ಗೋಣಿ ಹೊದ್ದು, ಹಿಂಬಾಗಿಲಿನಿಂದ..." ಅಲ್ಲಿಗೆ ಅವನ ದನಿ ಕುಸಿಯಿತು. "...ಓಡಿಹೋದರು."

ಅಂಗಳದಲ್ಲಿ ಯಾರೋ ಕಿಸಕ್ಕನೆ ನಕ್ಕರು. ಸೇನಾಪತಿ ಎದ್ದು ನಿಂತ. ಕೈ ಕತ್ತಿಯ ಹಿಡಿಯ ಮೇಲಿತ್ತು.

"ಓಡಿದವನು ನಾನೇನೋ?"

"ತಾವಲ್ಲ. ತಮಗಿಂತ ಮುಂಚೆ ಕೋಟೆಯಲ್ಲಿದ್ದವರು. ಅವರೂ ರಣರಂಗಭೈರವರೇ, ಅವರೂ ಗಿರಿದುರ್ಗಮಲ್ಲರೇ. ತಮ್ಮ ನಂತರ ಬರುವವರಿಗೂ ಅದೇ ಬಿರುದು. ತಾವು ನಿಂತು ಕಾದದ್ದನ್ನು ಕೆಳಗಿನ ಸಾಲಿನಲ್ಲಿ ಬರೆದಿದ್ದೇನೆ. ನಾಳೆ ಹುಟ್ಟುವವನು ಈ ಓಲೆ ತೆಗೆದರೆ, ಓಡಿದವರು ಯಾರು, ನಿಂತವರು ಯಾರು ಎಂದು ಹೇಗೆ ತಿಳಿಯಬೇಕು, ಒಡೆಯಾ?"

"ನಿಂತವನು ನಾನು! ಹಾಗೆಂದೇ ಬರೆ!"

"ನಾನು ಎಂದರೆ ಯಾರೆಂದು ಬರೆಯಲಿ?"

ಸೇನಾಪತಿಯ ಕುತ್ತಿಗೆಯ ನರ ಉಬ್ಬಿತು. ಅಭ್ಯಾಸಬಲದಿಂದ ನಾಲಗೆಗೆ ಬಿರುದೇ ಬಂತು. ಅದನ್ನು ನುಂಗಿಕೊಂಡ. ಎದೆಯ ಮೇಲೆ ಕೈ ಬಡಿದು, ಅಂಗಳ ನಡುಗುವ ಹಾಗೆ ಕೂಗಿದ: "ಕೆಂಚ! ಮಜ್ಜಿಗೆ ಮಾರುವ ಬೊಮ್ಮವ್ವನ ಮಗ ಕೆಂಚ! ಕೋಟೆಯಲ್ಲಿ ನಿಂತವನು ಕೆಂಚ!"

ಕೋಟೆಯ ಜನರ ನಡುವಿನಿಂದ ಒಬ್ಬ ಮುದುಕಿ, "ಹೌದೇ ಹೌದು, ಅವನೇ ನಮ್ಮ ಕೆಂಚ! ನನ್ನ ಕೈಯ ಅಂಬಲಿ ಕುಡಿದು 'ಉಪ್ಪು ಕಡಿಮೆಯಾಯ್ತು ಅವ್ವಾ' ಅಂದವನು!" ಎಂದು ಕೂಗಿದಳು. ಜನ ನಕ್ಕರು, ಅತ್ತರು, ಕೈಯೆತ್ತಿದರು. "ಕೆಂಚ! ಕೆಂಚ!" ಹೊಗಳುಭಟನ ಕೂಗಿಗೆ ಸುಮ್ಮನೆ ದಾರಿ ಬಿಟ್ಟು ಸರಿಯುತ್ತಿದ್ದ ಜನ ಅವರು. ಈಗ ಮುನ್ನುಗ್ಗಿ ಬಂದರು. ಸಿಪಾಯಿಗಳು ಗುರಾಣಿ ಬಡಿದರು. ದೊರೆಯೂ ಸಿಂಹಾಸನ ಬಿಟ್ಟು ಎದ್ದ.

ಸೇನಾಪತಿಯ ಕಣ್ಣು ತುಂಬಿ ಬಂತು. ಅವನು ಲಿಪಿಕಾರನ ಕೈ ಹಿಡಿದು ಕಣ್ಣಿಗೊತ್ತಿಕೊಂಡ. "ನೀನು ಮೊದಲು ಬರೆದ ಓಲೆಯೇ ಇರಲಯ್ಯಾ. ಆ ಬಿರುದು ಕಡೆಯ ಸಾಲಿನಲ್ಲೇ ಕೂತಿರಲಿ" ಎಂದ. ಆ ಕಟ್ಟಳೆಯೇ ನಾಡಿನ ಕಟ್ಟಳೆಯೆಂದು ದೊರೆ ಡಂಗುರ ಸಾರಿಸಿದ. ಲಿಪಿಕಾರ ಆಕಾಶ ನೋಡಿ, "ನಿನ್ನ ದಯೆ" ಎಂದಷ್ಟೇ ಅಂದ.

ಹಿಂತಿರುಗುವಾಗ ಹೊಗಳುಭಟ ಮೆಲ್ಲಗೆ ಕೇಳಿದ: "ಒಡೆಯಾ, ಇನ್ನು ಮುಂದೆ ನಾನು ಏನಂತ ಕೂಗಲಿ?"

"ಕೆಂಚ ಬಂದ ಅನ್ನು."

"ಅಷ್ಟೇನಾ?"

"ಅಷ್ಟು ಸಾಕು. ಬಾಗಿಲು ತೆಗೆಯುವವರು ತೆಗೆಯುತ್ತಾರೆ."

ಕತೆ ಮುಗಿಯಿತು. ಚನ್ನವೀರಯ್ಯನ ಮುಖ ಅರಳಿತ್ತು. ಗೆದ್ದವನು ತಾನೇ ಎಂಬ ಹಾಗೆ ಎದ್ದು ಕೂತ.

"ತಿಳಿಯಿತು ಅಪ್ಪಗಳೇ! ಇಂದೇ ವಾಡೆಗೆ ಹೋಗಿ ದೇಸಾಯರಿಗೆ ಈ ಕತೆ ಹೇಳುತ್ತೇನೆ. ಎಲ್ಲರದೂ ಹೆಸರು ಮೊದಲು, ಬಿರುದು ಕಡೆಗೆ. ಇನ್ನು ನಮ್ಮ ಮಠದ ಗುರುಗಳ ಪುಟಗಳಂತೂ ಸುಲಭ. ಈ ಪೀಠವೇರಿದವರೆಲ್ಲ ಧರಿಸುವುದು ಒಂದೇ ಹೆಸರು. ನಾಳೆ ತಮ್ಮ ಪುಟವನ್ನೂ ಬರೆದುಬಿಡುತ್ತೇನೆ."

ಗುರುಗಳು ನಕ್ಕು ಕೇಳಿದರು: "ಬರೆ ತಮ್ಮಾ, ಆದರೆ ಪೀಠ ಹತ್ತುವ ಮೊದಲು ನನ್ನನ್ನು ಏನಂತ ಕರೆಯುತ್ತಿದ್ದರು, ಎಂದಾದರೂ ಕೇಳಿದ್ದೀಯಾ?"