ಬರೆಗುಡ್ಡದ ಕಪ್ಪು ಪಟ್ಟಿ

ಚಳಿಗಾಲ ಮುಗಿಯುವ ಹೊತ್ತಿಗೆ ಬರೆಗುಡ್ಡಕ್ಕೆ ಹೋದವರಿಗೆ ಮೊದಲು ಕಾಣುವುದು ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಎಳೆದಂತಿರುವ ಒಂದು ಕಪ್ಪು ಪಟ್ಟಿ. ಅದರ ಕೆಳಗೆ ಒಣಹುಲ್ಲಿನ ಕಣಿವೆ. ಮೇಲೆ ಪೋಡು, ಅಂದರೆ ಗುಡ್ಡದ ಜನರ ಕೇರಿ. ಕಾಳ್ಗಿಚ್ಚು ಬಿದ್ದಿತ್ತೇ ಎಂದು ಬಂದವರು ಕೇಳುವುದುಂಟು. ಇಲ್ಲ, ಅದು ಬೇಕೆಂದೇ ಸುಟ್ಟದ್ದು. ಬರೆ ಎಂದರೆ ಕಾದ ಕಬ್ಬಿಣದ ಗುರುತು. ಆ ಬರೆ ಮೊದಲು ಒಬ್ಬ ಹೆಂಗಸಿನ ಅಂಗೈಗೆ ಬೀಳಬೇಕಿತ್ತು ಎನ್ನುತ್ತಾರೆ.

ಹಿಂದೆ ಒಮ್ಮೆ ಈ ಸೀಮೆಯನ್ನು ಬೇಟೆಯ ಹುಚ್ಚಿನ ಪಾಳೆಯಗಾರನೊಬ್ಬ ಆಳುತ್ತಿದ್ದ. ಪೋಡಿನವರು ಇಬ್ಬನಿ ಆರುವ ಮೊದಲೇ ತರಗೆಲೆಗೆ ಸಣ್ಣ ಬೆಂಕಿ ಹಚ್ಚುತ್ತಿದ್ದರು. ತೇವವಿರುವಾಗ ಬೆಂಕಿ ತೆವಳುತ್ತದೆಯೇ ಹೊರತು ಮರ ಹತ್ತುವುದಿಲ್ಲ. ಬೇಸಿಗೆಗೆ ಸುಡಲು ಏನೂ ಉಳಿಯುವುದಿಲ್ಲ. ಆದರೆ ಹೊಗೆಗೆ ಜಿಂಕೆಗಳು ಓಡುತ್ತವೆಂದು ಪಾಳೆಯಗಾರ ಅದನ್ನು ನಿಲ್ಲಿಸಿದ. ಬೆಂಕಿ ಹಚ್ಚಿದ ಕೈಗೆ ಕಾದ ಕುಡುಗೋಲಿನ ಬರೆ ಎಂದು ಅಪ್ಪಣೆಯಾಯಿತು. ಬರೆ ಇಡುವ ಕೆಲಸ ಕಾವಲಿನ ಕುಂಬೇಗೌಡನಿಗೆ ಬಿತ್ತು. ಅವನೂ ಪೋಡಿನವನೇ. ಕೆಲವು ವರ್ಷಗಳಲ್ಲಿ ತರಗು ಮೊಣಕಾಲಿಗೆ ಬಂತು. ಒಂದು ಬಿರುಬಿಸಿಲ ಮಧ್ಯಾಹ್ನ ಕಣಿವೆಯಲ್ಲಿ ಬೆಂಕಿ ಎದ್ದು, ಗಾಳಿ ಹಿಡಿದು ಮೇಲೇರತೊಡಗಿತು. ಕುಂಬೇಗೌಡನ ಹೆಂಡತಿ ಬಾಣಂತಿ, ಎಬ್ಬಿಸಿ ಓಡಿಸುವಂತಿರಲಿಲ್ಲ. ಅಷ್ಟರಲ್ಲಿ ಅವನ ಅತ್ತೆ ಕೇತಮ್ಮ ಒಲೆಯ ಕೊಳ್ಳಿ ಹಿಡಿದು ಪೋಡಿನ ಕೆಳಗಿನ ಹುಲ್ಲಿಗಿಳಿದಳು. ಮೊದಲೇ ಸುಟ್ಟ ನೆಲದಲ್ಲಿ ದೊಡ್ಡ ಬೆಂಕಿಗೆ ತಿನ್ನಲು ಏನೂ ಸಿಗದು ಎಂಬುದು ಅವಳ ಲೆಕ್ಕ.

"ಅತ್ತೆ, ಕೊಳ್ಳಿ ಬಿಸಾಕು. ನಿನ್ನ ಕೈಗೆ ಬರೆ ಇಡಬೇಕಾದೋನು ನಾನೇ."

"ಇಡೀವಂತೆ, ಮೊದಲು ಮಗು ಉಳೀಲಿ. ಅವತ್ತು ರೋಗ ಬಂದ ಕರುವಿಗೆ ಬರೆ ಹಾಕು ಅಂದ್ರೇ ಗಡಗಡ ನಡುಗ್ದೋನು ನೀನು."

ಅವಳು ಹಚ್ಚಿಯೇಬಿಟ್ಟಳು. ಗಾಳಿ ಅವಳ ಬೆಂಕಿಯನ್ನೂ ಗುಡಿಸಲುಗಳ ಕಡೆಗೇ ತಳ್ಳಿತು. ಕುಂಬೇಗೌಡ ಹಸಿ ಸೊಪ್ಪಿನ ಕೊಂಬೆ ಮುರಿದು, ಆ ಬೆಂಕಿಯ ಮೇಲಂಚನ್ನು ಬಡಿಯುತ್ತ ಹೋದ; ರೆಪ್ಪೆ ಸೀದರೂ ನಿಲ್ಲಿಸಲಿಲ್ಲ. ಕೆಳಗಿನಿಂದ ಬಂದ ದೊಡ್ಡ ಬೆಂಕಿ ಆ ಕಪ್ಪು ನೆಲದ ಅಂಚಿಗೆ ಬಂದು ಸತ್ತಿತು. ಪೋಡು ಉಳಿಯಿತು. ಕಣಿವೆಯ ಹೆಮ್ಮರಗಳೂ ಜಿಂಕೆಗಳೂ ಉಳಿಯಲಿಲ್ಲ.

ಮರುದಿನ ಬಂದ ಪಾಳೆಯಗಾರ, ಕೊಟ್ಟ ಅಪ್ಪಣೆಯನ್ನು ಹಿಂತೆಗೆಯಲಾರೆ ಎಂದ. ಕುಡುಗೋಲು ಕಾಯಿತು. ಕೇತಮ್ಮ ಅಂಗೈ ಚಾಚಿದಳು. ಅಳಿಯ ಅವಳನ್ನು ದಾಟಿ, ಸುಡದೆ ಉಳಿದಿದ್ದ ಒಣಹುಲ್ಲಿನ ತುಣುಕಿನ ಬಳಿ ಕುಳಿತು, ಕುಡುಗೋಲನ್ನು ಅದರೊಳಗೆ ಊರಿದ.

"ಬುದ್ಧಿ, ಬರೆ ಹಾಕೋದು ರೋಗ ಬಂದ ಕರುವಿಗೆ, ಅದನ್ನ ನೋಡ್ಕೊಳ್ಳೋಳಿಗಲ್ಲ. ರೋಗ ಇದ್ದದ್ದು ಗುಡ್ಡಕ್ಕೆ."

ಹುಲ್ಲು ಹೊತ್ತಿತು, ಕಪ್ಪು ನೆಲದವರೆಗೆ ಓಡಿತು, ಯಾರೂ ಮುಟ್ಟದೆ ಆರಿತು. ಪಾಳೆಯಗಾರ ಹೊಗೆ ತೆಳುವಾಗುವವರೆಗೂ ಅದನ್ನೇ ನೋಡಿದ. ಅಪ್ಪಣೆ ಹಾಗೆಯೇ ಇರಲಿ, ಬರೆ ಮಾತ್ರ ವರ್ಷವರ್ಷವೂ ಗುಡ್ಡಕ್ಕೆ ಬೀಳಲಿ ಎಂದು ಹೇಳಿ ಕುದುರೆ ತಿರುಗಿಸಿದನಂತೆ. ಅವನ ಕಾಲದಲ್ಲಿ ಜಿಂಕೆಗಳು ಮರಳಲಿಲ್ಲ ಎನ್ನುತ್ತಾರೆ.

ಈಗಲೂ ಇಬ್ಬನಿಯಿರುವ ಬೆಳಗೊಂದರಲ್ಲಿ ಪೋಡಿನ ಒಬ್ಬ ಅತ್ತೆ ಕೊಳ್ಳಿ ಹಿಡಿಯುತ್ತಾಳೆ, ಅವಳ ಅಳಿಯ ಸೊಪ್ಪು ಹಿಡಿಯುತ್ತಾನೆ. ಅರಣ್ಯದ ಕಾವಲುಗಾರನೂ ಬಂದು ಪಕ್ಕದಲ್ಲಿ ನಿಲ್ಲುತ್ತಾನೆ. ಹಚ್ಚುವ ಮೊದಲು ಅವಳು ಅಂಗೈಯನ್ನು ಎಲ್ಲರ ಮುಂದೆ ಚಾಚುತ್ತಾಳೆ. ಅದರಲ್ಲಿ ಗುರುತಿಲ್ಲವೆಂದು ಎಲ್ಲರೂ ನೋಡಿದ ಮೇಲೆಯೇ ಗುಡ್ಡಕ್ಕೆ ಬೆಂಕಿ.